ಗಣಕಯಂತ್ರದೊಳಗೊಂದು ಭಾಷಾಗಡಿ

ಇಂದು ನಮ್ಮಲ್ಲಿ ಬಹುಮಂದಿಯ ಜೇಬಿನಲ್ಲಿ ಒಂದು ಆಂಡ್ರಾಯ್ಡ್ ಫೋನು ಇರುವುದಷ್ಟೆ. ಅದರ ಗಾಜಿನ ಮೇಲೆ ಬೆರಳಿಟ್ಟೊಡನೆ ಅಂಗಡಿಯವನಿಗೆ ಹಣ ಸಂದಾಯವಾಗುತ್ತದೆ. ದೂರದೂರಿನಲ್ಲಿರುವ ಮಗಳ ದನಿ ಕೇಳಿಬರುತ್ತದೆ. ಈ ಕಾರ್ಯಗಳೆಲ್ಲದರ ತಳದಲ್ಲಿ, ಬಳಸುವವರ ಕಣ್ಣಿಗೆ ಎಂದೂ ಬೀಳದಂತೆ, ಒಂದು ತಂತ್ರಾಂಶ ದುಡಿಯುತ್ತಿರುತ್ತದೆ. ಅದರ ಹೆಸರು ಲಿನಕ್ಸ್ ಕರ್ನೆಲ್. ಕರ್ನೆಲ್ ಎಂದರೆ ತಿರುಳು. ಯಾವ ಕೆಲಸಕ್ಕೆ ಎಷ್ಟು ಹೊತ್ತು, ಯಾವ ಮಾಹಿತಿಗೆ ಎಷ್ಟು ಜಾಗ, ಯಾರಿಗೆ ಬಾಗಿಲು ತೆರೆಯಬೇಕು, ಯಾರಿಗೆ ತೆರೆಯಬಾರದು ಎಂಬುದನ್ನೆಲ್ಲ ನಿರ್ಧರಿಸುವುದು ಈ ತಿರುಳೇ.

೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಇದನ್ನು ಬರೆಯತೊಡಗಿದಾಗ ಆರಿಸಿಕೊಂಡ ಭಾಷೆ ‘ಸಿ’. ಅಲ್ಲಿಂದ ಮೂವತ್ತು ವರ್ಷಗಳವರೆಗೆ, ಯಂತ್ರಕ್ಕೆ ತೀರ ಹತ್ತಿರವಾದ ಕೆಲವು ಭಾಗಗಳ ಹೊರತು, ಇಡೀ ಕರ್ನೆಲ್ ಆ ಒಂದೇ ಭಾಷೆಯಲ್ಲಿ ಬೆಳೆಯಿತು. ೨೦೨೨ರ ಡಿಸೆಂಬರಿನಲ್ಲಿ ಅದರೊಳಕ್ಕೆ ಎರಡನೆಯ ಭಾಷೆಯೊಂದು ಕಾಲಿಟ್ಟಿತು. ಅದು ‘ರಸ್ಟ್’. ಹೊರಗಿನವರಿಗೆ ಇದು ಸಣ್ಣ ಸಂಗತಿಯೆಂದೇ ತೋರೀತು. ಆದರೆ ಈ ಪ್ರವೇಶವು ವರ್ಷಗಟ್ಟಲೆ ವಾದವಿವಾದಕ್ಕೆ ಎಡೆಮಾಡಿತು. ನುರಿತ ಕೆಲಸಗಾರರು ಕೆಲವರು ಬೇಸತ್ತು ಹೊರನಡೆದರು. ಯಂತ್ರಕ್ಕೆ ಭಾಷಾಭಿಮಾನವಿಲ್ಲ. ಹೀಗಿರಲು ಎರಡು ಭಾಷೆಗಳು ಕೂಡಿ ಬಾಳುವುದಕ್ಕೆ ಇಷ್ಟು ಕಷ್ಟವೇಕೆ? ಈ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಿಸೋಣ.

ಯಂತ್ರ ಬಲ್ಲುದು ಅಂಕೆಗಳನ್ನು ಮಾತ್ರ

ಗಣಕಯಂತ್ರಕ್ಕೆ ಸಿ ಭಾಷೆಯೂ ತಿಳಿಯದು, ರಸ್ಟ್ ಭಾಷೆಯೂ ತಿಳಿಯದು. ಅದಕ್ಕೆ ತಿಳಿದಿರುವುದು ಅಂಕೆಗಳ ರೂಪದ ಕೆಲವು ಸರಳ ಆಜ್ಞೆಗಳು ಮಾತ್ರ: ಇಲ್ಲಿಂದ ಒಂದು ಸಂಖ್ಯೆಯನ್ನು ತೆಗೆದುಕೋ, ಅದಕ್ಕೆ ಇನ್ನೊಂದನ್ನು ಕೂಡಿಸು, ಬಂದುದನ್ನು ಅಲ್ಲಿ ಇಡು. ಇಂತಹ ಆಜ್ಞೆಗಳನ್ನು ಲಕ್ಷಗಟ್ಟಲೆ ಬರೆದು ಕೂರುವುದು ಮನುಷ್ಯನಿಂದಾಗದ ಕೆಲಸ. ಆದುದರಿಂದ ಅವನು ತನಗೆ ಅರ್ಥವಾಗುವ ಮಾತುಗಳಲ್ಲಿ ಪ್ರೋಗ್ರಾಂ ಬರೆಯುತ್ತಾನೆ. ಕಂಪೈಲರ್ ಎಂಬ ಮತ್ತೊಂದು ಪ್ರೋಗ್ರಾಂ ಅದನ್ನು ಯಂತ್ರದ ಆಜ್ಞೆಗಳಿಗೆ ಅನುವಾದಿಸಿಕೊಡುತ್ತದೆ. ಅನುವಾದ ಮುಗಿದ ಬಳಿಕ ಮೂಲಭಾಷೆಯ ಗುರುತು ಹೆಚ್ಚಾಗಿ ಉಳಿಯುವುದಿಲ್ಲ. ಎರಡು ಭಾಷೆಗಳಲ್ಲಿ ಬರೆದ ಭಾಗಗಳನ್ನು ಒಟ್ಟಿಗೆ ಹೊಲಿದು ಒಂದೇ ಪ್ರೋಗ್ರಾಮನ್ನಾಗಿ ಮಾಡಲು ಸಾಧ್ಯವಾಗುವುದು ಇದರಿಂದಲೇ.

ಆದರೆ ಹೊಲಿಗೆ ನಿಲ್ಲಬೇಕಾದರೆ ಎರಡು ಅಂಚುಗಳೂ ಸರಿಯಾಗಿ ಕೂಡಬೇಕು. ಒಂದು ಭಾಗವು ಇನ್ನೊಂದನ್ನು ಕರೆದು ಕೆಲಸ ಹೇಳುವಾಗ, ಕೊಡಬೇಕಾದ ಸಂಖ್ಯೆಗಳನ್ನು ಯಾವ ಸ್ಥಾನದಲ್ಲಿ ಇಡಬೇಕು, ಉತ್ತರವನ್ನು ಎಲ್ಲಿ ನಿರೀಕ್ಷಿಸಬೇಕು ಎಂಬುದಕ್ಕೆ ಇಬ್ಬರಿಗೂ ಒಪ್ಪಿತವಾದ ಕಟ್ಟಳೆ ಇರಬೇಕು. ಸಿ ಭಾಷೆಯು ವಾಕ್ಯವೊಂದನ್ನು ಇಟ್ಟುಕೊಳ್ಳುವಾಗ ಅದರ ಕೊನೆಯಲ್ಲಿ ಒಂದು ಸೊನ್ನೆಯನ್ನಿಟ್ಟು ‘ಇಲ್ಲಿಗೆ ಮುಗಿಯಿತು’ ಎಂದು ಸೂಚಿಸುತ್ತದೆ. ರಸ್ಟ್ ಹಾಗಲ್ಲ, ಅದು ಮೊದಲೇ ಇಷ್ಟು ಉದ್ದವೆಂದು ಲೆಕ್ಕ ಬರೆದಿಟ್ಟುಕೊಳ್ಳುತ್ತದೆ. ಸಂಖ್ಯೆಗಳ ಕೋಷ್ಟಕವೊಂದನ್ನು ಸಿ ಭಾಷೆ ಅಡ್ಡಸಾಲುಗಳ ಕ್ರಮದಲ್ಲಿ ಜೋಡಿಸಿಡುತ್ತದೆ. ಹಳೆಯ ಫೋರ್ಟ್ರಾನ್ ಭಾಷೆ ಉದ್ದಸಾಲುಗಳ ಕ್ರಮದಲ್ಲಿ ಜೋಡಿಸಿಡುತ್ತದೆ. ಈ ಭೇದವನ್ನು ಗಮನಿಸದೆ ಕೋಷ್ಟಕವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿದರೆ ಅಡ್ಡವು ಉದ್ದವಾಗಿ, ಉದ್ದವು ಅಡ್ಡವಾಗಿಬಿಡುತ್ತದೆ. ಯಂತ್ರವು ಯಾವ ಆಕ್ಷೇಪಣೆಯನ್ನೂ ಎತ್ತುವುದಿಲ್ಲ. ತಪ್ಪು ಉತ್ತರವನ್ನು ಅಷ್ಟೇ ವೇಗದಿಂದ, ಅಷ್ಟೇ ಗಾಂಭೀರ್ಯದಿಂದ ಕೊಡುತ್ತದೆ.

ನಮ್ಮ ನಾಡಿನಲ್ಲಿ ಮೆಟ್ರಿಕ್ ಪದ್ಧತಿ ಬರುವುದಕ್ಕೆ ಮುಂಚೆ ಸೇರು ಎಂಬ ಅಳತೆ ಊರಿನಿಂದ ಊರಿಗೆ ಬೇರೆಯಾಗಿದ್ದುದನ್ನು ಹಿರಿಯರು ಬಲ್ಲರು. ಒಂದೇ ಸಂತೆಯೊಳಗೆ ಸೇರು ಸೇರೇ; ಮೋಸವಿಲ್ಲ. ಧಾನ್ಯವು ಊರಿನ ಎಲ್ಲೆ ದಾಟಿದಾಗ ಮಾತ್ರ ತಕರಾರು. ಬಾಹ್ಯಾಕಾಶ ವಿಜ್ಞಾನದಲ್ಲಿಯೂ ಇಂತಹದೇ ಒಂದು ತಕರಾರು ನಡೆದುದುಂಟು. ಅಮೆರಿಕದ ನಾಸಾ ಸಂಸ್ಥೆ ಮಂಗಳಗ್ರಹಕ್ಕೆ ಕಳುಹಿಸಿದ್ದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ೧೯೯೯ರ ಸೆಪ್ಟೆಂಬರ್ ೨೩ರಂದು ನಾಶವಾಯಿತು. ನೆಲದ ಮೇಲಿನ ಒಂದು ತಂತ್ರಾಂಶವು ನೌಕೆಯ ನೂಕುಬಲದ ಲೆಕ್ಕವನ್ನು ಪೌಂಡುಗಳ ಮಾನದಲ್ಲಿ ಕೊಟ್ಟಿತು. ಅದನ್ನು ಪಡೆದ ಇನ್ನೊಂದು ತಂತ್ರಾಂಶವು ನ್ಯೂಟನ್ ಮಾನವೆಂದು ಭಾವಿಸಿತು. ಎರಡಕ್ಕೂ ಇರುವ ಅಂತರ ಸುಮಾರು ನಾಲ್ಕೂವರೆ ಪಟ್ಟು. ಎರಡೂ ತಂತ್ರಾಂಶಗಳು ತಮ್ಮ ತಮ್ಮ ಮನೆಯೊಳಗೆ ನಿರ್ದೋಷಿಗಳೇ. ದೋಷವಿದ್ದುದು ಗಡಿಯಲ್ಲಿ. ಇದು ಭಾಷೆಗಳ ಬೆರಕೆಯಿಂದ ಆದ ಅನಾಹುತವಲ್ಲವಾದರೂ, ಗಡಿಯ ಅಪಾಯವನ್ನು ಇದಕ್ಕಿಂತ ಚೆನ್ನಾಗಿ ತೋರುವ ನಿದರ್ಶನ ಸಿಕ್ಕುವುದು ಕಷ್ಟ.

ಬೆರಕೆ ಹೊಸದೇನೂ ಅಲ್ಲ

ಹಾಗಾದರೆ ಒಂದೇ ಭಾಷೆಯಲ್ಲಿ ಎಲ್ಲವನ್ನೂ ಬರೆದು ನಿಶ್ಚಿಂತರಾಗಿರಬಾರದೆ? ಇರಬಹುದು, ಆದರೆ ಎಲ್ಲ ಕೆಲಸಕ್ಕೂ ಒಪ್ಪುವ ಒಂದೇ ಭಾಷೆಯಿಲ್ಲ. ೧೯೫೭ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಫೋರ್ಟ್ರಾನ್ ಗಣಿತದ ಸೂತ್ರಗಳಿಗೆಂದೇ ರಚಿತವಾದುದು. ಬೆಲ್ ಪ್ರಯೋಗಾಲಯದ ಡೆನ್ನಿಸ್ ರಿಚಿ ೧೯೭೦ರ ದಶಕದ ಆರಂಭದಲ್ಲಿ ರೂಪಿಸಿದ ಸಿ ಭಾಷೆ ಯಂತ್ರವನ್ನು ನೇರವಾಗಿ ಆಳುವುದಕ್ಕೆ ತಕ್ಕುದು. ೧೯೯೧ರಲ್ಲಿ ಗೀಡೊ ವಾನ್ ರಾಸಮ್ ಬೆಳಕಿಗೆ ತಂದ ಪೈಥಾನ್, ಬರೆಯುವವನ ಸೌಕರ್ಯವನ್ನು ಮೊದಲು ನೋಡುತ್ತದೆ. ವೇಗವನ್ನು ಅಷ್ಟಾಗಿ ನೋಡುವುದಿಲ್ಲ.

ಇಂದಿನ ವಿಜ್ಞಾನಿಯೊಬ್ಬನು ಪೈಥಾನಿನಲ್ಲಿ ನಾಲ್ಕು ಸಾಲು ಬರೆದು ದೊಡ್ಡದೊಂದು ಸಮೀಕರಣ ಸಮೂಹವನ್ನು ಬಿಡಿಸುವಾಗ, ಆ ನಾಲ್ಕು ಸಾಲುಗಳ ಕೆಳಗೆ ಸಿ ಭಾಷೆಯ ಭಾಗಗಳೂ, ಅವುಗಳ ಕೆಳಗೆ ಫೋರ್ಟ್ರಾನಿನಲ್ಲಿ ಬೆಳೆದ ‘ಲ್ಯಾಪ್ಯಾಕ್’ ಎಂಬ ಗಣಿತಭಂಡಾರವೂ ಕೆಲಸ ಮಾಡುತ್ತಿರುವುದು ಸಾಮಾನ್ಯ. ಅವನಿಗೆ ಇದರ ಅರಿವೇ ಇರದು, ಇರಬೇಕಾದುದೂ ಇಲ್ಲ. ಮೇಲಿನ ಭಾಷೆ ಆಜ್ಞೆ ಕೊಡುತ್ತದೆ, ಕೆಳಗಿನ ಭಾಷೆ ಬೆವರು ಸುರಿಸುತ್ತದೆ. ಇದು ಬಹುಕಾಲದಿಂದ ನಡೆದುಬಂದ ಸುಖಸಂಸಾರ.

ಆದರೆ ಇಲ್ಲಿಯೂ ಒಂದು ಎಚ್ಚರಿಕೆಯ ಮಾತುಂಟು. ಫೋರ್ಟ್ರಾನಿನಲ್ಲಿ ಬರೆದ ಭಾಗಗಳು ಇಂದಿಗೂ ಶುದ್ಧವಾಗಿಯೇ ಲೆಕ್ಕ ಮಾಡುತ್ತವೆ; ಅವನ್ನು ಓದಿ ತಿದ್ದಬಲ್ಲವರು ಮಾತ್ರ ವಿರಳರಾಗುತ್ತಿದ್ದಾರೆ. ಪೈಥಾನಿಗೆ ವೈಜ್ಞಾನಿಕ ಸಾಧನಗಳನ್ನು ಒದಗಿಸುವ ‘ಸೈಪೈ’ ಯೋಜನೆಯವರು ತಮ್ಮಲ್ಲಿದ್ದ ಹಳೆಯ ಫೋರ್ಟ್ರಾನ್ ಭಾಗಗಳನ್ನು ಇತ್ತೀಚಿನ ವರ್ಷಗಳಲ್ಲಿ ಒಂದೊಂದಾಗಿ ಬೇರೆ ಭಾಷೆಗೆ ತಿರುಗಿಸುತ್ತ ಬಂದಿರುವುದಕ್ಕೆ ಇದೂ ಒಂದು ಕಾರಣ. ತಂತ್ರಾಂಶವೆಂಬುದು ಒಮ್ಮೆ ಕಟ್ಟಿ ಮರೆತುಬಿಡುವ ಗೋಡೆಯಲ್ಲ. ವರ್ಷವರ್ಷವೂ ಮಾಡು ಕೈಯಾಡಿಸಬೇಕಾದ ಹೆಂಚಿನ ಮನೆ. ಕೈಯಾಡಿಸುವವರಿಗೆ ಆ ಭಾಷೆ ಬರಬೇಕು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಲಿನಕ್ಸಿನ ಕಡೆಗೆ ಹೊರಳೋಣ.

ಸಿ ಭಾಷೆಯ ವಿಶ್ವಾಸ, ರಸ್ಟ್ ಭಾಷೆಯ ಸಂಶಯ

ಸಿ ಭಾಷೆಯ ಶಕ್ತಿಯೂ ದೌರ್ಬಲ್ಯವೂ ಒಂದೇ: ಅದು ಬರೆಯುವವನನ್ನು ನಂಬುತ್ತದೆ. ಯಂತ್ರದ ಮೆಮೊರಿಯನ್ನು ನಾವು ಸಾಲಾಗಿ ನಿಂತ ಕೋಣೆಗಳಿಗೆ ಹೋಲಿಸಬಹುದು. ನಿನಗೆ ಹತ್ತು ಕೋಣೆಗಳು ಎಂದು ಗೊತ್ತುಮಾಡಿದ ಮೇಲೆ, ಹನ್ನೊಂದನೆಯ ಕೋಣೆಯ ಬಾಗಿಲನ್ನು ತಟ್ಟಿದರೆ ಸಿ ಭಾಷೆ ತಡೆಯುವುದಿಲ್ಲ. ತೆರವು ಮಾಡಿಕೊಟ್ಟ ಕೋಣೆಯ ನಕಲಿ ಬೀಗದಕೈಯನ್ನು ಇಟ್ಟುಕೊಂಡು, ಬೇರೊಬ್ಬರು ಅಲ್ಲಿ ಬಿಡಾರ ಹೂಡಿದ ಮೇಲೆ ಒಳಹೊಕ್ಕರೂ ಕೇಳುವುದಿಲ್ಲ. ನುರಿತವನು ಇಂತಹ ತಪ್ಪುಗಳನ್ನು ವಿರಳವಾಗಿ ಮಾಡುತ್ತಾನೆ. ಮಾಡದೆಯೇ ಇರುವವನು ಮಾತ್ರ ಇನ್ನೂ ಹುಟ್ಟಿಲ್ಲ.

ಇದರ ಫಲವನ್ನು ಲೋಕ ಅನುಭವಿಸಿದೆ. ೧೯೮೮ರ ನವೆಂಬರಿನಲ್ಲಿ ಅಂದಿನ ಇಂಟರ್ನೆಟ್ಟಿನ ಸಾವಿರಾರು ಗಣಕಗಳನ್ನು ಕಂಗೆಡಿಸಿದ ‘ಮಾರಿಸ್ ಹುಳು’ ಒಳನುಗ್ಗಿದ ದಾರಿಗಳಲ್ಲಿ ಒಂದು ಇಂತಹ ಎಲ್ಲೆ ಮೀರಿದ ಬರವಣಿಗೆ. ೨೦೧೪ರ ಏಪ್ರಿಲಿನಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ದೋಷವೂ ಅದೇ ಜಾತಿಯದು. ಗುಪ್ತಲಿಪಿಯ ಕೆಲಸಕ್ಕೆ ಪ್ರಪಂಚವೆಲ್ಲ ನೆಚ್ಚಿಕೊಂಡಿದ್ದ ಓಪನ್ ಎಸ್.ಎಸ್.ಎಲ್. ಎಂಬ ತಂತ್ರಾಂಶಕ್ಕೆ, ‘ಈ ಮಾತನ್ನು ಮರಳಿ ಹೇಳು, ಇದರ ಉದ್ದ ಇಷ್ಟು’ ಎಂದು ಸುಳ್ಳು ಉದ್ದವನ್ನು ಕೊಟ್ಟರೆ, ಅದು ಪಕ್ಕದ ಕೋಣೆಗಳಲ್ಲಿದ್ದ ಗುಟ್ಟುಗಳನ್ನೂ ಸೇರಿಸಿ ಮರಳಿ ಹೇಳಿಬಿಡುತ್ತಿತ್ತು. ತನ್ನ ತಂತ್ರಾಂಶಗಳಲ್ಲಿ ವರ್ಷವರ್ಷವೂ ತಿದ್ದುವ ಭದ್ರತಾದೋಷಗಳಲ್ಲಿ ಶೇಕಡ ಸುಮಾರು ೭೦ರಷ್ಟು ಈ ಮೆಮೊರಿ ತಪ್ಪುಗಳ ಗುಂಪಿಗೇ ಸೇರಿದುವೆಂದು ಮೈಕ್ರೋಸಾಫ್ಟ್ ಸಂಸ್ಥೆ ೨೦೧೯ರಲ್ಲಿ ತಿಳಿಸಿತು.

ರಸ್ಟ್ ಭಾಷೆ ಹುಟ್ಟಿದ್ದು ಈ ರೋಗಕ್ಕೆ ಮದ್ದಾಗಿ. ೨೦೦೬ರಲ್ಲಿ ಗ್ರೇಡನ್ ಹೋರ್ ಎಂಬುವರು ಸ್ವಂತ ಆಸಕ್ತಿಯಿಂದ ಆರಂಭಿಸಿದ ಇದನ್ನು ಮೊಜಿಲ್ಲಾ ಸಂಸ್ಥೆ ಪೋಷಿಸಿತು. ೨೦೧೫ರ ಮೇ ತಿಂಗಳಲ್ಲಿ ಇದರ ಮೊದಲ ಸ್ಥಿರ ಆವೃತ್ತಿ ಹೊರಬಿತ್ತು. ಇದರ ಸೂತ್ರ ಅಂಗಡಿಯ ಲೆಕ್ಕದ ಪುಸ್ತಕದ ಸೂತ್ರದಂತಿದೆ. ಪುಸ್ತಕಕ್ಕೆ ಯಜಮಾನನು ಒಬ್ಬನೇ. ಏಕಕಾಲದಲ್ಲಿ ಹತ್ತು ಮಂದಿ ಅದನ್ನು ನೋಡಬಹುದು. ಆದರೆ ಒಬ್ಬನು ಬರೆಯುತ್ತಿರುವಾಗ ಇನ್ನಾರೂ ಅದನ್ನು ಮುಟ್ಟಲಾಗದು. ಯಜಮಾನನು ಪುಸ್ತಕವನ್ನು ವಿಲೇವಾರಿ ಮಾಡಿದ ಬಳಿಕ ಅದರ ಹಾಳೆಯೊಂದು ಯಾರ ಕೈಯಲ್ಲಿಯೂ ಉಳಿದಿರಕೂಡದು. ಈ ನಿಯಮಗಳು ಪಾಲಿತವಾಗಿವೆಯೆ ಎಂದು ಕಂಪೈಲರ್ ಅನುವಾದದ ವೇಳೆಯಲ್ಲಿಯೇ ಪರೀಕ್ಷಿಸುತ್ತದೆ; ಸಂಶಯ ಬಂದರೆ ಅನುವಾದಿಸಲು ಒಪ್ಪುವುದಿಲ್ಲ. ಯಂತ್ರವನ್ನು ನೇರವಾಗಿ ಮುಟ್ಟಬೇಕಾದ ಅನಿವಾರ್ಯ ಸಂದರ್ಭಗಳಲ್ಲಿ ಮಾತ್ರ ಬರೆಯುವವನು ‘ಅನ್‌ಸೇಫ್’ ಎಂಬ ಗುರುತಿನೊಡನೆ ಕೆಲವು ಸಾಲುಗಳನ್ನು ತನ್ನ ಸ್ವಂತ ಹೊಣೆಯ ಮೇಲೆ ಬರೆಯಬಹುದು.

ಗಡಿಯ ಈಚೆ ಆಚೆ

ಲಿನಕ್ಸ್ ಕರ್ನೆಲ್ ಮೂರು ಕೋಟಿಗೂ ಮಿಕ್ಕ ಸಾಲುಗಳ ಗ್ರಂಥ. ಒಂಬತ್ತು ಹತ್ತು ವಾರಗಳಿಗೊಮ್ಮೆ ಅದರ ಹೊಸ ಆವೃತ್ತಿ ಬರುತ್ತದೆ. ಪ್ರತಿಯೊಂದು ಆವೃತ್ತಿಗೂ ಹಲವು ದೇಶಗಳ ಸುಮಾರು ಎರಡು ಸಾವಿರ ಮಂದಿ ಕೈಸೇರಿಸುತ್ತಾರೆ. ಇಷ್ಟನ್ನೂ ಬೇರೆ ಭಾಷೆಯಲ್ಲಿ ತಿರುಗಿ ಬರೆಯುವುದು ಆಗುಹೋಗುವ ಮಾತಲ್ಲ. ಆದುದರಿಂದ ಮಿಗೆಲ್ ಒಹೆಡಾ ಮತ್ತು ಅವರ ಸಂಗಡಿಗರು ೨೦೨೧ರ ಏಪ್ರಿಲಿನಲ್ಲಿ ಮುಂದಿಟ್ಟ ಸಲಹೆ ಮಿತವಾದುದಾಗಿತ್ತು: ಹಳೆಯದು ಸಿ ಭಾಷೆಯಲ್ಲಿಯೇ ಇರಲಿ, ಹೊಸದಾಗಿ ಬರೆಯುವ ಕೆಲವು ಭಾಗಗಳಿಗೆ, ಅದರಲ್ಲಿಯೂ ಬಗೆಬಗೆಯ ಸಲಕರಣೆಗಳನ್ನು ನಡೆಯಿಸುವ ಡ್ರೈವರುಗಳಿಗೆ, ರಸ್ಟ್ ಭಾಷೆಗೂ ಅವಕಾಶವಿರಲಿ. ಲಿನಕ್ಸಿನ ಮೊದಲ ವರ್ಷಗಳಲ್ಲಿ ಸಿ ಪ್ಲಸ್ ಪ್ಲಸ್ ಕಂಪೈಲರನ್ನು ಕೊಂಚಕಾಲ ಬಳಸಿನೋಡಿ ಕೈಬಿಟ್ಟಿದ್ದ ಟೋರ್ವಾಲ್ಡ್ಸ್, ಈ ಬಾರಿ ಪ್ರಯೋಗಕ್ಕೆ ಒಪ್ಪಿದರು. ಹೀಗೆ ಕರ್ನೆಲಿನ ೬.೧ನೆಯ ಆವೃತ್ತಿಯಲ್ಲಿ ರಸ್ಟ್ ಬಂದಿತು.

ರಸ್ಟ್ ಭಾಷೆಯ ಡ್ರೈವರು ಸಿ ಭಾಷೆಯ ಕರ್ನೆಲನ್ನು ನೇರವಾಗಿ ಕರೆದರೆ ಅದರ ನಿಯಮಗಳೆಲ್ಲ ನಿಷ್ಫಲ. ಆಚೆಯವನಿಗೆ ಯಜಮಾನಿಕೆಯ ಕಟ್ಟಳೆಯೇ ತಿಳಿಯದು. ಆದುದರಿಂದ ನಡುವೆ ಒಂದು ತೆಳುವಾದ ಹೊದಿಕೆಯನ್ನು ಹೆಣೆಯುತ್ತಾರೆ. ಸಿ ಭಾಷೆಯಲ್ಲಿ ‘ಇದನ್ನು ಉಪಯೋಗಿಸಿದ ಮೇಲೆ ಬಿಡುಗಡೆ ಮಾಡಲು ಮರೆಯಬೇಡ’ ಎಂದು ಟಿಪ್ಪಣಿಯಲ್ಲಿ ಬರೆದಿರುವ, ಕೆಲವೊಮ್ಮೆ ಬರೆಯದೆಯೂ ರೂಢಿಯಲ್ಲಿರುವ ನಿಯಮವನ್ನು, ಈ ಹೊದಿಕೆಯು ಕಂಪೈಲರ್ ಪರೀಕ್ಷಿಸಬಲ್ಲ ರೂಪಕ್ಕೆ ತರುತ್ತದೆ. ಹೊದಿಕೆ ಹೆಣೆಯುವವನು ಸಿ ಬರೆದವನ ಮನಸ್ಸಿನಲ್ಲಿದ್ದುದನ್ನು ಅರಿಯಬೇಕು. ಎಷ್ಟೋ ವೇಳೆ ಬರೆದವನಿಗೇ ಅದು ನಿಚ್ಚಳವಾಗಿರುವುದಿಲ್ಲ.

ಜಗಳದ ಬೇರು ಇರುವುದು ಇಲ್ಲಿ. ಕರ್ನೆಲಿನ ಒಳಗಿನ ಭಾಗಗಳು ಒಂದನ್ನೊಂದು ಕರೆಯುವ ರೀತಿ ಶಾಶ್ವತವಲ್ಲ. ಸುಧಾರಣೆಗೆ ಬೇಕಾದಂತೆ ಅದನ್ನು ಬದಲಿಸುವ ಸ್ವಾತಂತ್ರ್ಯವನ್ನು ಲಿನಕ್ಸಿನವರು ಬುದ್ಧಿಪೂರ್ವಕವಾಗಿ ಉಳಿಸಿಕೊಂಡಿದ್ದಾರೆ. ಬದಲಿಸುವವನು ಅದನ್ನು ಬಳಸುವ ಇತರ ಎಲ್ಲ ಭಾಗಗಳನ್ನೂ ತಾನೇ ತಿದ್ದಿಕೊಡಬೇಕೆಂಬುದು ಅಲ್ಲಿನ ಸಂಪ್ರದಾಯ. ಎಲ್ಲವೂ ಒಂದೇ ಭಾಷೆಯಲ್ಲಿದ್ದಾಗ ಇದು ಶ್ರಮದ ಕೆಲಸವಾದರೂ ಸಾಧ್ಯವಾದ ಕೆಲಸ. ಈಗ ಬಳಸುವವರ ಪೈಕಿ ಕೆಲವರು ರಸ್ಟ್ ಭಾಷೆಯಲ್ಲಿದ್ದಾರೆ. ಇಪ್ಪತ್ತು ವರ್ಷ ಸಿ ಭಾಷೆಯಲ್ಲಿ ದುಡಿದ ಪಾಲಕನೊಬ್ಬನು ತನ್ನ ಭಾಗವನ್ನು ಬದಲಿಸಿದಾಗ, ತನಗೆ ಬಾರದ ಭಾಷೆಯ ಸಾಲುಗಳನ್ನು ಯಾರು ತಿದ್ದಬೇಕು? ಅವನು ಆ ಭಾಷೆಯನ್ನು ಕಲಿಯಬೇಕೆ? ಕಲಿತವರು ಬಂದು ತಿದ್ದುವವರೆಗೆ ಕಾದಿರಬೇಕೆ? ಇಂದು ಉತ್ಸಾಹದಿಂದ ಬಂದವರು ನಾಳೆ ಬಿಟ್ಟು ಹೋದರೆ ಆ ಹೊರೆ ಯಾರದು?

ಇವು ಹಟಮಾರಿಗಳ ಪ್ರಶ್ನೆಗಳಲ್ಲ. ಅನುಭವಿಗಳಾದ ಮನೆವಾರ್ತೆಯವರ ಪ್ರಶ್ನೆಗಳು. ಹಾಗೆಯೇ ರಸ್ಟ್ ಪಕ್ಷದವರ ಸಂಕಟವೂ ನಿಜವಾದುದೇ. ಅವರು ನಿಯಮಗಳನ್ನು ಕೇಳಿ ತಿಳಿಯಲು ಹೋದಾಗ ಕೆಲವೆಡೆ ಉತ್ತರಕ್ಕೆ ಬದಲಾಗಿ ಗದರಿಕೆ ದೊರೆಯಿತು. ಮೊದಲಿನಿಂದ ಈ ಕೆಲಸದಲ್ಲಿದ್ದ ವೆಡ್ಸನ್ ಅಲ್ಮೇಡಾ ಫಿಲ್ಹೊ ೨೦೨೪ರ ಆಗಸ್ಟಿನಲ್ಲಿ, ತಾಂತ್ರಿಕವಲ್ಲದ ಕಿರಿಕಿರಿಗಳನ್ನು ಎದುರಿಸುವ ಶಕ್ತಿ ತಮ್ಮಲ್ಲಿ ಉಳಿದಿಲ್ಲವೆಂದು ತಿಳಿಸಿ ಹಿಂದೆ ಸರಿದರು.

೨೦೨೫ರ ಆರಂಭದಲ್ಲಿ ವಿವಾದವು ತುದಿಗೇರಿತು. ಪ್ರೊಸೆಸರಿನ ನೆರವಿಲ್ಲದೆ ಸಲಕರಣೆಗಳೇ ನೇರವಾಗಿ ಮೆಮೊರಿಯನ್ನು ಓದಿ ಬರೆಯುವ ಏರ್ಪಾಡಿಗೆ ಡಿ.ಎಂ.ಎ. ಎಂದು ಹೆಸರು. ಅದಕ್ಕೆ ರಸ್ಟ್ ಭಾಷೆಯ ಹೊದಿಕೆಯೊಂದು ಸಿದ್ಧವಾದಾಗ, ಆ ವಿಭಾಗದ ಪಾಲಕರಲ್ಲಿ ಒಬ್ಬರಾದ ಕ್ರಿಸ್ಟೋಫ್ ಹೆಲ್ವಿಗ್ ಅದನ್ನು ಬಲವಾಗಿ ವಿರೋಧಿಸಿದರು. ಎರಡು ಭಾಷೆಗಳ ಬೆರಕೆಯಿಂದ ಇಡೀ ಕರ್ನೆಲಿನ ಪಾಲನೆಯೇ ಅಸಾಧ್ಯವಾಗುವುದೆಂಬುದು ಅವರ ನಿಲುವು. ಹೊದಿಕೆಯು ಬೇರೆ ಕಡತದಲ್ಲಿರುತ್ತದೆ, ಅದರ ಪಾಲನೆ ನಮ್ಮದೇ ಎಂದು ಇನ್ನೊಂದು ಪಕ್ಷದವರು ಹೇಳಿದರೂ ಅವರು ಒಪ್ಪಲಿಲ್ಲ. ಆಪಲ್ ಗಣಕಗಳಲ್ಲಿ ಲಿನಕ್ಸನ್ನು ನಡೆಯಿಸುವ ‘ಅಸಾಹಿ’ ಯೋಜನೆಯ ನಾಯಕ ಹೆಕ್ಟರ್ ಮಾರ್ಟಿನ್, ಈ ಗದ್ದಲದ ನಡುವೆ ಆ ಫೆಬ್ರವರಿಯಲ್ಲಿ ತಮ್ಮ ಹೊಣೆಯನ್ನು ಬಿಟ್ಟುಕೊಟ್ಟರು.

ಕೊನೆಗೆ ಟೋರ್ವಾಲ್ಡ್ಸ್ ಅದೇ ತಿಂಗಳು ತೀರ್ಪು ಹೇಳಿದರು. ಅದರ ಸಾರ ಇದು: ರಸ್ಟ್ ಬೇಡವೆನ್ನುವ ಪಾಲಕನು ಅದನ್ನು ಓದಬೇಕಾಗಿಲ್ಲ, ಅದರ ಹೊಣೆ ಹೊರಬೇಕಾಗಿಲ್ಲ, ಆದರೆ ತನ್ನ ಭಾಗವನ್ನು ರಸ್ಟ್ ಭಾಷೆಯವರು ಬಳಸಲೇಬಾರದು ಎಂದು ತಡೆಯುವ ಅಧಿಕಾರವೂ ಅವನಿಗಿಲ್ಲ. ದೂರವಿರುವ ಸ್ವಾತಂತ್ರ್ಯವುಂಟು, ದೂರವಿದ್ದು ಆಜ್ಞಾಪಿಸುವ ಸ್ವಾತಂತ್ರ್ಯವಿಲ್ಲ. ಹೆಲ್ವಿಗ್ ಡಿ.ಎಂ.ಎ. ವಿಭಾಗದ ಪಾಲಕತ್ವದಿಂದ ಹಿಂದೆ ಸರಿದರು. ಎರಡು ಪಕ್ಷಗಳಲ್ಲಿಯೂ ಹೀಗೆ ನಷ್ಟವಾಯಿತೆಂಬುದನ್ನು ಮರೆಯಲಾಗದು. ಕಂಪೈಲರು ಸುಧಾರಿಸಿದಷ್ಟು ಸುಲಭವಾಗಿ ಇಪ್ಪತ್ತು ವರ್ಷದ ಅನುಭವವುಳ್ಳ ಕೆಲಸಗಾರನನ್ನು ಮರಳಿ ಪಡೆಯುವುದು ಸಾಧ್ಯವಿಲ್ಲ.

ಫಲವೇನು?

೨೦೨೫ರ ಡಿಸೆಂಬರಿನಲ್ಲಿ ಟೋಕಿಯೊ ನಗರದಲ್ಲಿ ಸೇರಿದ ಕರ್ನೆಲ್ ಪಾಲಕರ ಸಭೆ, ರಸ್ಟ್ ಇನ್ನು ಪ್ರಯೋಗವಲ್ಲ, ಕರ್ನೆಲಿನಲ್ಲಿ ನೆಲೆನಿಂತ ಭಾಷೆ ಎಂಬ ಅಭಿಪ್ರಾಯಕ್ಕೆ ಬಂದಿತು. ಹೊಸ ಭಾಷೆಯ ಗುಣವೆಷ್ಟೆಂಬುದಕ್ಕೆ ಆಂಡ್ರಾಯ್ಡಿನ ಲೆಕ್ಕ ಸ್ವಲ್ಪ ಬೆಳಕು ಚೆಲ್ಲುತ್ತದೆ. ಗೂಗಲ್ ಸಂಸ್ಥೆಯವರು ಹಳೆಯದನ್ನು ಹಾಗೆಯೇ ಬಿಟ್ಟು, ಹೊಸದಾಗಿ ಬರೆಯುವುದನ್ನು ಹೆಚ್ಚುಹೆಚ್ಚಾಗಿ ರಸ್ಟ್ ಮೊದಲಾದ ಸುರಕ್ಷಿತ ಭಾಷೆಗಳಲ್ಲಿ ಬರೆಯತೊಡಗಿದ ಮೇಲೆ, ಆಂಡ್ರಾಯ್ಡಿನ ಭದ್ರತಾದೋಷಗಳಲ್ಲಿ ಮೆಮೊರಿ ತಪ್ಪುಗಳ ಪಾಲು ೨೦೧೯ರಲ್ಲಿ ಶೇಕಡ ೭೬ರಷ್ಟಿದ್ದುದು ೨೦೨೪ರಲ್ಲಿ ಶೇಕಡ ೨೪ಕ್ಕೆ ಇಳಿಯಿತು. ಎಲ್ಲವನ್ನೂ ತಿರುಗಿ ಬರೆಯದೆಯೇ, ಎರಡು ಭಾಷೆಗಳನ್ನು ಅಕ್ಕಪಕ್ಕದಲ್ಲಿರಿಸಿಯೇ ಪಡೆದ ಫಲವಿದು.

ಹಾಗೆಂದು ರಸ್ಟ್ ಭಾಷೆ ಮಂತ್ರದಂಡವೆಂದು ಯಾರೂ ತಿಳಿಯಬೇಕಾಗಿಲ್ಲ. ಅದೇ ೨೦೨೫ರ ಡಿಸೆಂಬರಿನಲ್ಲಿ, ಕರ್ನೆಲಿನ ರಸ್ಟ್ ಭಾಗದಲ್ಲಿಯೂ ಅಧಿಕೃತವಾಗಿ ದಾಖಲಾದ ಮೊದಲ ಭದ್ರತಾದೋಷ ಪ್ರಕಟವಾಯಿತು. ಆಂಡ್ರಾಯ್ಡಿನಲ್ಲಿ ಒಂದು ಪ್ರೋಗ್ರಾಂ ಇನ್ನೊಂದರೊಡನೆ ಮಾತನಾಡಲು ಬಳಸುವ ‘ಬೈಂಡರ್’ ಎಂಬ ಡ್ರೈವರಿನಲ್ಲಿ ಅದು ಅಡಗಿತ್ತು. ಗಮನಿಸತಕ್ಕ ಸಂಗತಿಯೆಂದರೆ, ಆ ತಪ್ಪಿನ ಮೂಲವಿದ್ದುದು ‘ಅನ್‌ಸೇಫ್’ ಎಂದು ಗುರುತು ಹಾಕಿದ, ಎಂದರೆ ಕಂಪೈಲರಿನ ಕಾವಲನ್ನು ಬದಿಗೊತ್ತಿ ಮನುಷ್ಯನು ತನ್ನ ಹೊಣೆಯ ಮೇಲೆ ಬರೆದ ಸಾಲುಗಳಲ್ಲಿ. ದೋಷವನ್ನು ಹುಡುಕಬೇಕಾದ ಜಾಗ ಮೊದಲೇ ಗುರುತಾಗಿತ್ತು ಎಂಬುದಷ್ಟೇ ಇಲ್ಲಿನ ಲಾಭ. ಅದು ಸಣ್ಣ ಲಾಭವಲ್ಲ.

ಇದರಿಂದ ನಾವು ತಿಳಿಯಬೇಕಾದುದೇನು? ಹಲವರು ಕೂಡಿ ಕಟ್ಟುವ ತಂತ್ರಾಂಶದಲ್ಲಿ ಎರಡನೆಯ ಭಾಷೆಯನ್ನು ತರುವುದು ತಾಂತ್ರಿಕವಾಗಿ ಕಠಿಣವಲ್ಲ. ಅಂಕೆಗಳ ಮಟ್ಟದಲ್ಲಿ ಎಲ್ಲ ಭಾಷೆಗಳೂ ಒಂದೇ. ಗಡಿಯ ಕಟ್ಟಳೆಗಳನ್ನು ಬರೆದಿಟ್ಟರೆ ಯಂತ್ರವು ಅವನ್ನು ತಪ್ಪದೆ ಪಾಲಿಸುತ್ತದೆ. ಕಠಿಣವಾದುದು ಆ ಗಡಿಯನ್ನು ವರ್ಷವರ್ಷವೂ ಕಾಯುವ ಕೆಲಸ. ಯಾವ ಬದಲಾವಣೆಗೆ ಯಾರು ಹೊಣೆ, ಯಾರು ಯಾರಿಗೆ ಕಾಯಬೇಕು ಎಂಬ ಪ್ರಶ್ನೆಗಳು ಮೊದಲ ದಿನವೇ ಇತ್ಯರ್ಥವಾಗಿರಬೇಕು. ಲಿನಕ್ಸಿನವರು ಭಾಷೆಯನ್ನು ೨೦೨೨ರಲ್ಲಿ ಬರಮಾಡಿಕೊಂಡರು. ಈ ಪ್ರಶ್ನೆಗಳಿಗೆ ಖಚಿತವಾದ ಉತ್ತರವನ್ನು ಹೇಳಿದ್ದು ೨೦೨೫ರಲ್ಲಿ. ನಡುವಿನ ಆ ಎರಡು ವರ್ಷಗಳಲ್ಲಿಯೇ ಮನಸ್ಸುಗಳು ಮುರಿದುವು.

ಮುಂದೊಮ್ಮೆ ವಾಚಕರು ಫೋನನ್ನು ಕೈಗೆತ್ತಿಕೊಂಡು ಒಂದು ರೂಪಾಯಿಯನ್ನಾದರೂ ಕಳುಹಿಸುವಾಗ, ಆ ಕ್ಷಣಮಾತ್ರದಲ್ಲಿ ಒಂದು ಆಜ್ಞೆಯು ಹಲವು ಭಾಷೆಗಳಲ್ಲಿ ಹುಟ್ಟಿದ ಭಾಗಗಳನ್ನು ಹಾದು ಹೋಗುವುದನ್ನು ಒಮ್ಮೆ ನೆನೆಯಬಹುದು. ಅಲ್ಲಿನ ಪ್ರತಿಯೊಂದು ಗಡಿಯಲ್ಲಿಯೂ, ಎಂದೋ ಒಂದು ದಿನ, ಇಬ್ಬರು ಮನುಷ್ಯರು ಕುಳಿತು ‘ಇದು ನಿನ್ನ ಕೆಲಸ, ಇದು ನನ್ನ ಕೆಲಸ’ ಎಂದು ಒಪ್ಪಂದ ಮಾಡಿಕೊಂಡಿದ್ದಾರೆ. ಆ ಒಪ್ಪಂದ ಉಳಿದಿರುವವರೆಗೆ ನಮ್ಮ ರೂಪಾಯಿ ಸೇರಬೇಕಾದಲ್ಲಿಗೆ ಸೇರುತ್ತದೆ.